ದೊಡ್ಡ ಟೈರ್, ಭಾರದ ಟ್ರೇಲರ್, ಹಳೆಯ ಎಸ್‌ಯುವಿ: ಬಲ ಹೋದದ್ದು ಎಂಜಿನ್‌ನಿಂದಲೇ?

ಪ್ರಶ್ನೆ: ನನ್ನ ಬಳಿ ಇಪ್ಪತ್ತು ವರ್ಷ ದಾಟಿದ ಫೋರ್ ವೀಲ್ ಡ್ರೈವ್ ಎಸ್‌ಯುವಿ ಇದೆ. ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ, ನಾಲ್ಕು ಗೇರಿನ ಆಟೋಮ್ಯಾಟಿಕ್, ಆಕ್ಸಲ್ ಅನುಪಾತ 3.73 (ಚಕ್ರದ ಒಂದು ಸುತ್ತಿಗೆ ಡ್ರೈವ್ ಶಾಫ್ಟ್ 3.73 ಸುತ್ತು). ಓಡಿರುವುದು 2,40,000 ಕಿ.ಮೀ. ಕಳೆದ ವರ್ಷ 235/75 ಆರ್ 15 ಟೈರ್‌ಗಳನ್ನು ರಿಮ್ ಸಮೇತ ತೆಗೆಸಿ, ಗಾಡಿಯನ್ನು ಸ್ವಲ್ಪ ಎತ್ತರಿಸಿ, 285/75 ಆರ್ 16 ಹಾಕಿಸಿದೆ. ಸುಮಾರು 1,500 ಕಿಲೋ ತೂಗುವ ಟ್ರೇಲರ್ ಎಳೆಯುತ್ತೇನೆ. ಮೊದಲು 80ರ ವೇಗದಲ್ಲಿ ಹತ್ತುತ್ತಿದ್ದ ಏರಿನಲ್ಲಿ ಈಗ ಮುಳ್ಳು 60 ದಾಟುವುದಿಲ್ಲ. ಗೇರ್‌ಬಾಕ್ಸ್ ಎರಡಕ್ಕೂ ಮೂರಕ್ಕೂ ನಡುವೆ ಒದ್ದಾಡುತ್ತದೆ. ಟ್ರೇಲರ್ ಇಲ್ಲದಾಗಲೂ ಮೈಲೇಜ್ ಲೀಟರಿಗೆ 9ರಿಂದ 7 ಕಿ.ಮೀ.ಗೆ ಇಳಿದಿದೆ. ಕೋನ್ ಏರ್ ಫಿಲ್ಟರ್, ದಪ್ಪ ಎಕ್ಸಾಸ್ಟ್ ಪೈಪ್ ಮತ್ತು ಒಂದು ಚಿಪ್ ಹಾಕಿದರೆ 40 ಎಚ್‌ಪಿ ಹೆಚ್ಚುತ್ತದೆ ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಟರ್ಬೊ ಕೂರಿಸು, ಇಲ್ಲವೇ ಎಂಜಿನ್ನನ್ನೇ ಬದಲಿಸು ಎಂದು ಸ್ನೇಹಿತರ ಒತ್ತಾಯ. ಹಳೆಯ ಟೈರಿಗೆ ಮರಳುವ ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದರೊಳಗೊಂದು ಬೆರೆತಿವೆ. ವಯಸ್ಸಾಗಿ ಎಂಜಿನ್ ಸೊರಗಿದೆಯೇ ಎಂಬುದು ಒಂದು. ಟೈರ್ ಬದಲಿಸಿದ ಮೇಲೆ ಎಳೆತ ಕುಸಿದಿದೆ ಎಂಬುದು ಇನ್ನೊಂದು. ಮೊದಲನೆಯದು ನಿಜವೋ ಸುಳ್ಳೋ ಎಂದು ಉಪಕರಣ ಇಟ್ಟು ಪರೀಕ್ಷಿಸಬೇಕು. ಎರಡನೆಯದಕ್ಕೆ ಕಾಗದ, ಪೆನ್ಸಿಲ್ ಸಾಕು. ನಿಮಗೆ ಸಲಹೆ ಕೊಟ್ಟ ಎಲ್ಲರೂ ಬಾನೆಟ್ಟಿನ ಕಡೆಗೇ ಕೈ ತೋರಿಸಿದ್ದಾರೆ, ಆಕ್ಸಲ್ ಕಡೆಗೆ ಯಾರೂ ಬಗ್ಗಿ ನೋಡಿಲ್ಲ. ನನ್ನ ವೃತ್ತಿಯಲ್ಲಿ ಇದು ಮಾಮೂಲು. ಎಂಜಿನ್‌ಗೆ ಹಾಕುವ ಸಾಮಾನು ಹೊಳೆಯುತ್ತದೆ, ಸದ್ದು ಮಾಡುತ್ತದೆ, ಒಂದು ಮಧ್ಯಾಹ್ನದಲ್ಲಿ ಕೂರಿಸಿ ಮುಗಿಸಬಹುದು. ಆಕ್ಸಲ್ ಕೆಲಸ ಕೊಳಕು, ನಿಧಾನ, ಮುಗಿದ ಮೇಲೆ ತೋರಿಸಿಕೊಳ್ಳಲು ಏನೂ ಇರುವುದಿಲ್ಲ.

ಲೆಕ್ಕವನ್ನೇ ನೋಡೋಣ. ನಿಮ್ಮ ಹಳೆಯ ಟೈರಿನ ವ್ಯಾಸ ಸುಮಾರು 734 ಮಿ.ಮೀ., ಅಂದರೆ 28.9 ಇಂಚು. ಹೊಸದರದ್ದು 834 ಮಿ.ಮೀ., 32.8 ಇಂಚು. ಹೆಚ್ಚಿದ್ದು ಶೇ 13.7. ಚಕ್ರದ ನಡುವಿನಿಂದ ನೆಲಕ್ಕೆ ಇರುವ ದೂರ ಬೆಳೆದಂತೆ, ಅದೇ ಟಾರ್ಕ್ (ಚಕ್ರವನ್ನು ತಿರುಗಿಸುವ ಬಲ) ನೆಲವನ್ನು ತಳ್ಳುವ ಬಲ ಇಳಿಯುತ್ತದೆ. ಹೀಗಾಗಿ ಪ್ರತಿಯೊಂದು ಗೇರಿನಲ್ಲೂ ಶೇ 12ರಷ್ಟು ಎಳೆತ ಹೋಯಿತು. ನಿಮ್ಮ 3.73 ಆಕ್ಸಲ್ ಈಗ, ಹಳೆಯ ಟೈರಿನ ಜೊತೆ 3.28 ಆಕ್ಸಲ್ ಇದ್ದಿದ್ದರೆ ಹೇಗೋ ಹಾಗೆ ವರ್ತಿಸುತ್ತಿದೆ. ಸೈಕಲ್ಲಿನಲ್ಲಿ ಏರು ಬಂದಾಗ ಗಟ್ಟಿ ಗೇರಿಗೆ ಹಾಕಿಕೊಂಡು ತುಳಿದಂತೆ. ಕಾಲಿನ ಶಕ್ತಿ ಹೋಗಿಲ್ಲ, ಅದನ್ನು ಬಳಸಲು ಬಿಡುವ ಗೇರ್ ಹೋಗಿದೆ.

ಇದನ್ನು ನಿಮ್ಮ ಏರಿಗೆ ಅನ್ವಯಿಸೋಣ. ಗಾಡಿ ಎರಡು ಸಾವಿರ ಕಿಲೋ, ಟ್ರೇಲರ್ ಒಂದೂವರೆ ಸಾವಿರ, ಒಟ್ಟು 3,500 ಎಂದುಕೊಳ್ಳಿ. ಏರು ಶೇ 6, ಅಂದರೆ ನೂರು ಮೀಟರ್ ಸಾಗಿದರೆ ಆರು ಮೀಟರ್ ಮೇಲೇರುವಂಥದ್ದು. ನಿಜವಾದ 80 ಕಿ.ಮೀ. ವೇಗದಲ್ಲಿ ಇದನ್ನು ಹತ್ತಲು, ಗುರುತ್ವ, ಟೈರಿನ ಉರುಳು ತಡೆ, ಗಾಳಿಯ ತಡೆ ಎಲ್ಲವೂ ಸೇರಿ ಚಕ್ರಗಳಲ್ಲಿ ಸುಮಾರು 100 ಎಚ್‌ಪಿ ಬೇಕು. ಗೇರ್‌ಬಾಕ್ಸ್ ಮತ್ತು ಆಕ್ಸಲ್‌ಗಳು ದಾರಿಯಲ್ಲಿ ನುಂಗುವುದನ್ನು ಸೇರಿಸಿದರೆ ಎಂಜಿನ್ 125 ಎಚ್‌ಪಿ ಕೊಡಬೇಕು. ಈ ಬಗೆಯ ಎಂಜಿನ್ 2,000ದಿಂದ 3,500 ಆರ್‌ಪಿಎಂವರೆಗೆ (ನಿಮಿಷಕ್ಕೆ ತಿರುಗುವ ಸುತ್ತು) ಸುಮಾರು 300 ನ್ಯೂಟನ್ ಮೀಟರ್ ಟಾರ್ಕ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಎಚ್‌ಪಿ ಎಂದರೆ ಟಾರ್ಕ್ ಮತ್ತು ಆರ್‌ಪಿಎಂಗಳ ಗುಣಲಬ್ಧ. ತಿರುಗಲು ಬಿಟ್ಟರೆ ಮಾತ್ರ ಎಂಜಿನ್ ಎಚ್‌ಪಿ ಕೊಡುತ್ತದೆ. ಎರಡನೇ ಗೇರಿನ ಅನುಪಾತ 1.5 ಇದ್ದರೆ, ಹಳೆಯ ಟೈರಿನಲ್ಲಿ 80ರ ವೇಗಕ್ಕೆ ಎಂಜಿನ್ ಸುಮಾರು 3,250 ಆರ್‌ಪಿಎಂನಲ್ಲಿ ತಿರುಗುತ್ತಿತ್ತು, 138 ಎಚ್‌ಪಿ ಸಿಗುತ್ತಿತ್ತು. ಬೇಕಾದದ್ದಕ್ಕಿಂತ ಒಂದು ಹಿಡಿ ಜಾಸ್ತಿ. ಹೊಸ ಟೈರಿನಲ್ಲಿ ಅದೇ ಗೇರ್, ಅದೇ ವೇಗಕ್ಕೆ 2,850 ಆರ್‌ಪಿಎಂ, 122 ಎಚ್‌ಪಿ. ಕೂದಲೆಳೆಯಷ್ಟು ಸಾಲದು. ಮೂರನೇ ಗೇರಿಗೆ ಹಾಕಿದರೆ 1,900 ಆರ್‌ಪಿಎಂ, 81 ಎಚ್‌ಪಿ. ಅಲ್ಲಿ ಏರುವ ಮಾತೇ ಇಲ್ಲ. ನಿಮ್ಮ ಗೇರ್‌ಬಾಕ್ಸ್ ಎರಡು ಮತ್ತು ಮೂರರ ನಡುವೆ ಒದ್ದಾಡುತ್ತಿರುವುದು ಕೆಟ್ಟು ಹೋಗಿರುವುದರಿಂದಲ್ಲ. ಎರಡರಲ್ಲಿ ಯಾವುದೂ ಈಗ ಆ ಏರಿಗೆ ಹೊಂದುತ್ತಿಲ್ಲ.

ಇಲ್ಲಿ ಇನ್ನೊಂದು ಕಣ್ಕಟ್ಟು ಇದೆ. ಸ್ಪೀಡೋಮೀಟರ್ ಹಳೆಯ ಟೈರಿನ ಲೆಕ್ಕದಲ್ಲೇ ಓದುತ್ತಿದೆ. ಮುಳ್ಳು 80 ತೋರಿಸುವಾಗ ನೀವು ಹೋಗುತ್ತಿರುವುದು 91ರಲ್ಲಿ. ಆ ವೇಗಕ್ಕೆ ಗಾಳಿಯ ತಡೆ ಶೇ 29 ಹೆಚ್ಚು. ಮುಳ್ಳು 60ರಲ್ಲಿ ನಿಂತಿದ್ದರೆ ನಿಜವಾದ ವೇಗ 68. ನಷ್ಟ ಇದೆ, ನಿಜ; ಆದರೆ ಮುಳ್ಳು ಹೇಳುವಷ್ಟು ದೊಡ್ಡದಲ್ಲ. ವೇಗವನ್ನು ಮೊಬೈಲ್‌ನ ಜಿಪಿಎಸ್‌ನಲ್ಲಿ ನೋಡಿಕೊಂಡು ಒಮ್ಮೆ ಹತ್ತಿ ನೋಡಿ. ದಂಡದ ಚೀಟಿ ಮನೆಗೆ ಬರುವುದೂ ತಪ್ಪುತ್ತದೆ.

ಈಗ ವಯಸ್ಸಿನ ಪ್ರಶ್ನೆ. ಹೊಸ ಸಾಮಾನು ಕೊಳ್ಳುವ ಮೊದಲು, ಕಾರ್ಖಾನೆಯಿಂದ ಬಂದಾಗ ಇದ್ದ ಬಲ ಪೂರ್ತಿ ಇದೆಯೇ ಎಂದು ತಿಳಿದುಕೊಳ್ಳಬೇಕು. 2,40,000 ಕಿ.ಮೀ. ಓಡಿದ ಪೆಟ್ರೋಲ್ ಎಂಜಿನ್ ಒಳಗಿನಿಂದ ಸವೆದಿರಲೇಬೇಕು ಎಂದೇನಿಲ್ಲ. ಹೊರಗಿನ ಚಿಕ್ಕಪುಟ್ಟ ಭಾಗಗಳೇ ಸದ್ದಿಲ್ಲದೆ ಬಲ ಕದಿಯುವುದು ಹೆಚ್ಚು. ಎಲ್ಲಕ್ಕಿಂತ ಸುಲಭದ ಪರೀಕ್ಷೆಯನ್ನು ಜನ ಮಾಡುವುದೇ ಇಲ್ಲ. ಎಂಜಿನ್ ನಿಲ್ಲಿಸಿ, ಒಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಲಿ, ಇನ್ನೊಬ್ಬರು ಥ್ರಾಟಲ್, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಕವಾಟ, ಪೂರ್ತಿ ತೆರೆಯುತ್ತದೆಯೇ ನೋಡಲಿ. ಸಡಿಲಗೊಂಡ ಕೇಬಲ್, ಪೆಡಲ್ ಕೆಳಗೆ ಸಿಕ್ಕಿಕೊಂಡ ಮ್ಯಾಟ್, ಇವುಗಳಿಂದ ಮುಕ್ಕಾಲು ಥ್ರಾಟಲ್‌ನಲ್ಲೇ ವರ್ಷಗಟ್ಟಲೆ ಓಡಿದ ಗಾಡಿಗಳಿವೆ.

ಎಕ್ಸಾಸ್ಟ್‌ನಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ನನಗೆ ವಿಶೇಷ ಅನುಮಾನ. ಹಳೆಯ ಎಂಜಿನ್ ಸ್ವಲ್ಪ ಆಯಿಲ್ ಸುಡುತ್ತಿದ್ದರೆ, ಅಥವಾ ಒಂದು ಪ್ಲಗ್ ಕೆಲವು ತಿಂಗಳು ಸರಿಯಾಗಿ ಉರಿಯದಿದ್ದರೆ, ಅದರೊಳಗಿನ ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತದೆ. ಖಾಲಿ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ. ಟ್ರೇಲರ್ ಕಟ್ಟಿ ಏರಿನಲ್ಲಿ ಒತ್ತಿದಾಗ ಎಂಜಿನ್ ಉಸಿರುಗಟ್ಟುತ್ತದೆ. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಒತ್ತಡದ ಗೇಜ್ ಹಾಕಿ. 2,500 ಆರ್‌ಪಿಎಂನಲ್ಲಿ 20 ಕಿಲೋಪಾಸ್ಕಲ್, ಅಂದರೆ 3 ಪಿಎಸ್‌ಐ ದಾಟಿದರೆ ಎಕ್ಸಾಸ್ಟ್ ಎಲ್ಲೋ ಕಟ್ಟಿದೆ. ಇಂಥ ಗಾಡಿಗೆ ಹೊಸ ಕನ್ವರ್ಟರ್ ಹಾಕಿದರೆ ಸಿಗುವ ಲಾಭ, ಯಾವ ದಪ್ಪ ಪೈಪ್ ಹಾಕಿದರೂ ಸಿಗುವುದಿಲ್ಲ. ದಪ್ಪ ಪೈಪ್ ಹಾಕಿ ಬಲ ಬಂತು ಎನ್ನುವ ಕೆಲವರ ಕಥೆಯ ಹಿಂದಿನ ನಿಜವೂ ಇದೇ ಇರಬಹುದು: ಬಲ ಬಂದದ್ದು ಹೊಸ ಪೈಪಿನಿಂದಲ್ಲ, ಕಟ್ಟಿದ್ದ ಹಳೆಯದು ಹೋದದ್ದರಿಂದ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಆರು ಸಿಲಿಂಡರ್‌ಗಳ ನಡುವೆ ಶೇ 10-15ಕ್ಕಿಂತ ಹೆಚ್ಚು ಅಂತರ ಇರಬಾರದು. ಫ್ಯೂಯಲ್ ಪ್ರೆಷರನ್ನು ನಿಂತಲ್ಲೇ ನೋಡಿದರೆ ಸಾಲದು, ಎಂಜಿನ್ ಭಾರ ಎಳೆಯುವಾಗ ನೋಡಬೇಕು. ಮುದಿ ಪಂಪ್ ಕೈಕೊಡುವುದು ಆಗಲೇ. ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲಿಗೆ ಮಾಡುತ್ತಿರುವ ತಿದ್ದುಪಡಿ) ಶೇ 10ಕ್ಕಿಂತ ಮೇಲೆ ನಿಂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಪ್ಲಗ್, ಪ್ಲಗ್ ವೈರ್, ಆಕ್ಸಿಜನ್ ಸೆನ್ಸರ್‌ಗಳಿಗೆ ವಯಸ್ಸಾಗಿದ್ದರೆ ಪರೀಕ್ಷೆಯ ತಲೆನೋವಿಲ್ಲದೆ ಬದಲಿಸಿಬಿಡಿ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಬ್ರೇಕ್ ಕ್ಯಾಲಿಪರ್ ಹಿಡಿದುಕೊಂಡಿದೆ. ಟ್ರೇಲರಿನ ಚಕ್ರಗಳಿಗೂ ಇದೇ ಪರೀಕ್ಷೆ. ಎಂಜಿನ್ನನ್ನು ಬೈಯುತ್ತಿರುವಾಗ ಟ್ರೇಲರಿನ ಬ್ರೇಕ್ ಹಿಡಿದುಕೊಂಡಿರುವುದು ಅಪರೂಪವೇನಲ್ಲ.

ಇಷ್ಟಾದ ಮೇಲೆ 40 ಎಚ್‌ಪಿ ಮಾತಿಗೆ ಬರುತ್ತೇನೆ. ಟರ್ಬೊ ಇಲ್ಲದ, ಒಳಗೆ ಏನನ್ನೂ ಮುಟ್ಟದ ಪೆಟ್ರೋಲ್ ಎಂಜಿನ್‌ನಿಂದ ಫಿಲ್ಟರ್, ಪೈಪ್ ಮತ್ತು ಚಿಪ್ ಸೇರಿ 40 ಎಚ್‌ಪಿ ತೆಗೆಯುವುದು ಆಗದ ಮಾತು. ಕಾರ್ಖಾನೆಯ ಏರ್ ಬಾಕ್ಸ್ ಹೊರಗಿನ ತಣ್ಣನೆಯ ಗಾಳಿಯನ್ನು ಎಳೆದುಕೊಳ್ಳುವಂತೆ ಮಾಡಿರುತ್ತಾರೆ. ಅದನ್ನು ಕಿತ್ತು ಬಾನೆಟ್ ಒಳಗೆ ಬರಿಯ ಕೋನ್ ಫಿಲ್ಟರ್ ಕೂರಿಸಿದರೆ ಅದು ಕುಡಿಯುವುದು ರೇಡಿಯೇಟರ್ ದಾಟಿ ಬಂದ ಬಿಸಿ ಗಾಳಿ. ನಿಧಾನವಾಗಿ ಏರು ಹತ್ತುವಾಗ ಆ ಗಾಳಿ ಮತ್ತೂ ಬಿಸಿ. ಬಿಸಿ ಗಾಳಿಯಲ್ಲಿ ಆಮ್ಲಜನಕ ಕಡಿಮೆ, ಬಲವೂ ಕಡಿಮೆ. ಎಂಜಿನ್ ಗುಟುರು ಹಾಕುವುದು ಕೇಳಿ ಗಾಡಿ ಹಾರುತ್ತಿದೆ ಅನಿಸುತ್ತದೆ, ಅಷ್ಟೇ. ಎಕ್ಸಾಸ್ಟ್ ಕಟ್ಟಿಲ್ಲದಿದ್ದರೆ ದಪ್ಪ ಪೈಪ್ ಕೊಡುವ ಕೆಲವು ಎಚ್‌ಪಿ ಬರುವುದು 4,500 ಆರ್‌ಪಿಎಂ ಆಚೆ. ಟ್ರೇಲರ್ ಎಳೆಯುವಾಗ ನೀವು ಅಲ್ಲಿಗೆ ಹೋಗುವುದಿಲ್ಲ. ತೀರಾ ದಪ್ಪವಾದರೆ ಹೊಗೆಯ ವೇಗ ಇಳಿದು, ನಿಮಗೆ ಬೇಕಾದ ಕೆಳಗಿನ ಟಾರ್ಕ್ ಇನ್ನಷ್ಟು ಕುಗ್ಗಬಹುದು. ಕನ್ವರ್ಟರ್ ಕಿತ್ತು ಹಾಕುವ ಸಲಹೆ ಬಂದರೆ ಕೇಳಬೇಡಿ. ಹೆಚ್ಚಿನ ದೇಶಗಳಲ್ಲಿ ಅದು ಕಾನೂನುಬಾಹಿರ, ಲಾಭವೂ ಇಲ್ಲ.

ಚಿಪ್ ಎಂಬ ಹೆಸರಿನಲ್ಲಿ ಮಾರುವುದು ಒಂದೇ ವಸ್ತುವಲ್ಲ. ಕಂಪ್ಯೂಟರಿನ ಇಗ್ನಿಷನ್ ಟೈಮಿಂಗ್ ಮತ್ತು ಇಂಧನದ ನಕ್ಷೆಯನ್ನು ಬಲ್ಲವರು ತಿದ್ದಿದರೆ, ಇಂಥ ಎಂಜಿನ್‌ನಲ್ಲಿ ಶೇ 3ರಿಂದ 5 ಸಿಗಬಹುದು. ಅಷ್ಟಕ್ಕೂ ಆಕ್ಟೇನ್ ಹೆಚ್ಚಿರುವ ಪೆಟ್ರೋಲ್ ಬೇಕಾಗುತ್ತದೆ, ಭಾರ ಎಳೆಯುವಾಗ ನಾಕಿಂಗ್ (ಪೆಟ್ರೋಲ್ ಹೊತ್ತಿಗೆ ಮುಂಚೆಯೇ ತಾನಾಗಿ ಸಿಡಿಯುವುದು) ಆಗುವ ಅಪಾಯವೂ ಹತ್ತಿರ ಬರುತ್ತದೆ. ಗಾಳಿಯ ಉಷ್ಣತೆಯ ಸೆನ್ಸರಿಗೆ ಸುಳ್ಳು ಹೇಳುವ ಒಂದು ಪುಟ್ಟ ರೆಸಿಸ್ಟರನ್ನು ಚಿಪ್ ಎಂದು ಮಾರುವವರೂ ಇದ್ದಾರೆ. ಅದು ಪೆಟ್ರೋಲ್ ವ್ಯರ್ಥ ಮಾಡುವ ಯಂತ್ರ. ಆಕ್ಸಿಲರೇಟರ್ ಚುರುಕುಗೊಳಿಸುವ ಪೆಟ್ಟಿಗೆಗಳು ಪೆಡಲ್ ಅರ್ಧ ಒತ್ತಿದಾಗಲೇ ಥ್ರಾಟಲ್ ಮುಕ್ಕಾಲು ತೆರೆಸುತ್ತವೆ. ಪೂರ್ತಿ ಒತ್ತಿದಾಗ ಸಿಗುವುದು ಮೊದಲಿದ್ದಷ್ಟೇ.

ನಾನು ನಿಮ್ಮ ಹಣವನ್ನು ಎಲ್ಲಿ ಹಾಕಿಸುತ್ತೇನೆ ಎಂದು ಕೇಳಿದರೆ, ಆಕ್ಸಲ್ ಗೇರಿನಲ್ಲಿ. ಆಕ್ಸಲ್ ಒಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್ ಮತ್ತು ಅದನ್ನು ತಿರುಗಿಸುವ ಚಿಕ್ಕ ಹಲ್ಲುಚಕ್ರ ಪಿನಿಯನ್, ಈ ಜೋಡಿಯನ್ನು ಬದಲಿಸಿ ಅನುಪಾತ ಹೆಚ್ಚಿಸುವುದು. 3.73ನ್ನು ಟೈರ್ ಬೆಳೆದಷ್ಟೇ ಬೆಳೆಸಿದರೆ 4.24 ಬರುತ್ತದೆ. 4.27ರ ಜೋಡಿ ನಿಮ್ಮ ಆಕ್ಸಲ್‌ಗೆ ಸಿಗುವುದಾದರೆ ಗಾಡಿ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ. ಆದರೆ ಹೊಸ ಟೈರ್ ಭಾರವೂ ಹೌದು, ಅಗಲವೂ ಹೌದು, ಟ್ರೇಲರ್ ಬೇರೆ ಇದೆ. ಹಾಗಾಗಿ ನಿಮಗೆ 4.56 ಸೂಚಿಸುತ್ತೇನೆ. ಮೇಲಿನ ಅದೇ ಏರಿನಲ್ಲಿ, ಅದೇ 80ರ ವೇಗದಲ್ಲಿ, ಎರಡನೇ ಗೇರ್ ಆಗ ಎಂಜಿನ್ನನ್ನು 3,480 ಆರ್‌ಪಿಎಂಗೆ ಒಯ್ಯುತ್ತದೆ, ಸುಮಾರು 148 ಎಚ್‌ಪಿ ಕೈಗೆ ಸಿಗುತ್ತದೆ. ಈಗಿನ ಸ್ಥಿತಿಗಿಂತ 20 ಎಚ್‌ಪಿಗೂ ಹೆಚ್ಚು, ಎಂಜಿನ್‌ನ ಒಂದು ಬೋಲ್ಟನ್ನೂ ಮುಟ್ಟದೆ. ನಿಂತಲ್ಲಿಂದ ಹೊರಡುವಾಗಿನ ಎಳೆತ ಶೇ 22 ಹೆಚ್ಚುತ್ತದೆ. ಸಮತಟ್ಟಿನಲ್ಲಿ, ಟ್ರೇಲರ್ ಇಲ್ಲದೆ ನಾಲ್ಕನೇ ಗೇರಿನಲ್ಲಿ 100ರ ವೇಗಕ್ಕೆ ಸುಮಾರು 2,030 ಆರ್‌ಪಿಎಂ. ಕಾರ್ಖಾನೆಯಿಂದ ಬಂದಾಗ ಇದ್ದದ್ದು ಸುಮಾರು 1,890. ಕಿವಿಗೆ ಹೊರೆಯಾಗುವಷ್ಟು ವ್ಯತ್ಯಾಸವಲ್ಲ.

ಗಾಡಿ ತಯಾರಿಸುವವರ ದಾರಿಯೂ ಇದೇ. ಒಂದೇ ಎಂಜಿನ್ ಇರುವ ಒಂದೇ ಮಾದರಿಗೆ, ಆಕ್ಸಲ್ ಅನುಪಾತ ಬೇರೆಯಾದರೆ ಎಳೆಯಬಹುದಾದ ತೂಕದ ಮಿತಿಯನ್ನೂ ಅವರು ಬೇರೆಯಾಗಿ ಬರೆಯುವುದುಂಟು. ಹಾಗೆಂದು ನೀವು ಗೇರ್ ಬದಲಿಸಿದ ಕೂಡಲೇ ನಿಮ್ಮ ಗಾಡಿಯ ಮಿತಿ ಏರಿತು ಎಂದುಕೊಳ್ಳಬೇಡಿ. ಮಿತಿಯನ್ನು ಬ್ರೇಕ್, ಚಾಸಿಸ್, ತಂಪುಗೊಳಿಸುವ ವ್ಯವಸ್ಥೆ, ಟ್ರೇಲರ್ ಕಟ್ಟುವ ಕೊಂಡಿಯಾದ ಹಿಚ್ ಎಲ್ಲವನ್ನೂ ನೋಡಿ ಬರೆದಿರುತ್ತಾರೆ. ಕಾಗದದ ಮೇಲೆ ಇರುವುದೇ ಮಿತಿ.

ಈ ಕೆಲಸದ ಅಪಾಯಗಳನ್ನೂ ಹೇಳಬೇಕು. ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್ ಎರಡಕ್ಕೂ ಒಂದೇ ಅನುಪಾತ ಹಾಕಲೇಬೇಕು. ಹಣ ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಿ, ಫೋರ್ ವೀಲ್‌ಗೆ ಹಾಕಿದರೆ ಎರಡೂ ಆಕ್ಸಲ್‌ಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಒಡೆಯಬಹುದು. ಅನುಪಾತ ಹೆಚ್ಚಿದಂತೆ ಪಿನಿಯನ್ ಚಿಕ್ಕದಾಗುತ್ತದೆ, ಒಂದೇ ಬಾರಿಗೆ ಕಚ್ಚುವ ಹಲ್ಲುಗಳು ಕಡಿಮೆಯಾಗುತ್ತವೆ. ಹೌಸಿಂಗ್ ಸಣ್ಣದಾದ ಆಕ್ಸಲ್‌ನಲ್ಲಿ 4.88 ಹಾಕಿಸಬೇಡಿ ಎನ್ನುವುದು ಇದಕ್ಕೇ. ಕೆಲವು ಆಕ್ಸಲ್‌ಗಳಲ್ಲಿ ಒಂದು ಅನುಪಾತ ದಾಟಿದರೆ ಕ್ರೌನ್ ಕೂರುವ ಒಳಗಿನ ಕ್ಯಾರಿಯರನ್ನೂ ಬದಲಿಸಬೇಕಾಗುತ್ತದೆ. ಸಾಮಾನು ತರಿಸುವ ಮೊದಲೇ ಇದನ್ನು ವಿಚಾರಿಸಿ.

ಎಲ್ಲಕ್ಕಿಂತ ಮುಖ್ಯ, ಕೂರಿಸುವವರ ಕೈ. ಪಿನಿಯನ್ ಆಳ, ಬೇರಿಂಗ್ ಬಿಗಿತ, ಹಲ್ಲುಗಳ ನಡುವಿನ ಸಡಿಲ ಇವೆಲ್ಲವನ್ನೂ ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಹೊಂದಿಸಬೇಕು. ಹಲ್ಲುಗಳ ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಒಳಗಿರುತ್ತದೆ, ನಿಖರ ಅಳತೆ ನಿಮ್ಮ ಆಕ್ಸಲಿನ ಕೈಪಿಡಿಯಲ್ಲಿದೆ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಅಚ್ಚು ಎಲ್ಲಿ ಬೀಳುತ್ತದೆ ಎಂದು ನೋಡುತ್ತಾರೆ. ಕೆಲಸ ಮಾಡುವವರಿಗೆ ‘ಆ ಅಚ್ಚಿನ ಫೋಟೋ ಕೊಡುತ್ತೀರಾ’ ಎಂದು ಮೊದಲೇ ಕೇಳಿ. ಅದರ ಅಗತ್ಯವಿಲ್ಲ ಎಂದವರ ಹತ್ತಿರ ಗಾಡಿ ಬಿಡಬೇಡಿ. ಹೊಸ ಗೇರ್ ಹಾಕಿದ ಮೇಲೆ ಮೊದಲ ಓಟ 25-30 ಕಿ.ಮೀ. ಮಾತ್ರ, ಆಮೇಲೆ ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಕೆಲವು ಸಲ ಮಾಡಿ. ಮೊದಲ 800 ಕಿ.ಮೀ. ಟ್ರೇಲರ್ ಕಟ್ಟಬೇಡಿ, ಆಮೇಲೆ ಆಕ್ಸಲ್ ಆಯಿಲ್ ಬದಲಿಸಿ. ಹೊಸ ಗೇರುಗಳು ಊಳಿಡುವುದು, ಬೇಗ ಸಾಯುವುದು ಬಹಳ ಸಲ ಈ ಅವಸರದಿಂದ.

ಎರಡು ಆಕ್ಸಲ್‌ನ ಖರ್ಚು ಭಾರವೆನಿಸಿದರೆ ನಡುವಿನ ದಾರಿಯೊಂದಿದೆ. ಹಳೆಯ ಟೈರಿಗೆ ಮರಳಬೇಡಿ. ನಿಮ್ಮ 16 ಇಂಚಿನ ರಿಮ್‌ಗೆ, ಅದರ ಅಗಲ ಹೊಂದುವುದಾದರೆ, 265/70 ಬರುತ್ತದೆ. ವ್ಯಾಸ 30.6 ಇಂಚು, ಹಳೆಯದಕ್ಕಿಂತ ಶೇ 6 ಮಾತ್ರ ಹೆಚ್ಚು. ಕಳೆದುಕೊಂಡ ಎಳೆತದಲ್ಲಿ ಅರ್ಧಕ್ಕಿಂತ ಹೆಚ್ಚು ಗೇರ್ ಮುಟ್ಟದೆಯೇ ವಾಪಸ್. ಮುಂದೆ 4.10 ಗೇರ್ ಹಾಕಿಸಿದರೆ ಕಾರ್ಖಾನೆಯ ಸ್ಥಿತಿಗಿಂತ ಚೆನ್ನಾಗಿ ಎಳೆಯುತ್ತದೆ. ವರ್ಷದ ಹೆಚ್ಚಿನ ಭಾಗ ಟ್ರೇಲರ್ ಎಳೆಯುವವರಿಗೆ ನಾನು ಇದನ್ನೇ ಹೇಳುವುದು. ಕಲ್ಲುಬಂಡೆ ಹತ್ತಲು 33 ಇಂಚು ಬೇಕು ಎನ್ನುವವರ ಮಾತು ಬೇರೆ. ರಸ್ತೆಯಲ್ಲಿ ಅದು ಚಂದಕ್ಕೆ ತೆರುವ ಬೆಲೆ.

ಬೆಲೆ ಎಂದಾಗ ಬ್ರೇಕನ್ನು ಮರೆಯಬೇಡಿ. ಎಳೆತವನ್ನು ಶೇ 12 ಕಡಿಮೆ ಮಾಡಿದ ಅದೇ ಲೆಕ್ಕ ಬ್ರೇಕಿಗೂ ಅನ್ವಯಿಸುತ್ತದೆ: ಪೆಡಲನ್ನು ಅಷ್ಟೇ ಒತ್ತಿದರೆ ಗಾಡಿಯನ್ನು ತಡೆಯುವ ಬಲವೂ ಶೇ 12 ಕಡಿಮೆ. ಆಕ್ಸಲ್ ಗೇರ್ ಬದಲಿಸಿದರೆ ಇದು ಸರಿಹೋಗುವುದಿಲ್ಲ, ಏಕೆಂದರೆ ಬ್ರೇಕ್ ಇರುವುದು ಚಕ್ರದಲ್ಲಿ. ಹೊಸ ಡಿಸ್ಕ್, ಒಳ್ಳೆಯ ಪ್ಯಾಡ್, ಹೊಸ ಬ್ರೇಕ್ ಆಯಿಲ್ ಕನಿಷ್ಠ ಅಗತ್ಯ. ಟ್ರೇಲರಿಗೆ ಅದರದ್ದೇ ಬ್ರೇಕ್ ಇರಲೇಬೇಕು, ಅದು ಕೆಲಸ ಮಾಡುತ್ತಿರಬೇಕು. ಬಲ ಹೆಚ್ಚಿಸಲು ಬಂದವರನ್ನು ನಾನು ಮೊದಲು ಕೇಳುವುದು ಇಳಿಜಾರಿನ ಬಗ್ಗೆ. ಏರಿನಲ್ಲಿ ಬಲ ಸಾಲದಿದ್ದರೆ ಹಿಂದಿನವರು ಹಾರ್ನ್ ಮಾಡುತ್ತಾರೆ, ಅಷ್ಟೇ.

ಗಾಡಿ ಎತ್ತರಿಸಿದ್ದೀರಿ ಎಂದಿರಿ. ಹಿಚ್ಚೂ ಮೇಲೇರಿದೆ, ಟ್ರೇಲರಿನ ಮೂತಿ ಆಕಾಶ ನೋಡುತ್ತಿರಬಹುದು. ಮೂತಿ ಮೇಲೆದ್ದರೆ ಹಿಚ್ ಮೇಲಿನ ಭಾರ ಇಳಿದು ಟ್ರೇಲರ್ ಬಾಲ ಆಡಿಸಲು ಶುರು ಮಾಡುತ್ತದೆ. ಕೆಳಕ್ಕೆ ಇಳಿಬಿದ್ದ ಹಿಚ್ ಹಾಕಿಸಿ ಟ್ರೇಲರನ್ನು ಸಮತಲಕ್ಕೆ ತನ್ನಿ. ಸಾಧಾರಣ ಟ್ರೇಲರಿನಲ್ಲಿ ಅದರ ತೂಕದ ಶೇ 10ರಿಂದ 15, ಅಂದರೆ ನಿಮ್ಮದರಲ್ಲಿ 150ರಿಂದ 225 ಕಿಲೋ ಹಿಚ್ ಮೇಲೆ ಕೂರಬೇಕು ಎನ್ನುವುದು ಒಂದು ರೂಢಿ. ಹಿಚ್ಚಿನ ಮತ್ತು ಗಾಡಿಯ ಮೇಲೆ ಬರೆದ ಮಿತಿ ಇದಕ್ಕಿಂತ ಕಡಿಮೆ ಇದ್ದರೆ ಆ ಮಿತಿಯನ್ನೇ ಪಾಲಿಸಿ. ಈ ತೂಕ ಗಾಡಿಯ ಒಳಗಿನ ಸಾಮಾನಿನ ಲೆಕ್ಕಕ್ಕೂ ಸೇರುತ್ತದೆ ಎಂಬುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹಾಗೆಯೇ ‘ಸುಮಾರು 1,500 ಕಿಲೋ’ ಎಂಬ ನಿಮ್ಮ ಅಂದಾಜನ್ನು ನಾನು ನಂಬುವುದಿಲ್ಲ. ನೀರಿನ ಟ್ಯಾಂಕ್ ತುಂಬಿ, ಸಾಮಾನು ಹೇರಿ, ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗಿ. ಟ್ರೇಲರ್‌ಗಳು ಮಾಲೀಕರ ನೆನಪಿಗಿಂತ ಭಾರವಾಗಿಯೇ ಇರುತ್ತವೆ.

ಗೇರ್‌ಬಾಕ್ಸ್ ಇನ್ನೂ ಉಳಿದಿರುವುದು ನಿಮ್ಮ ಅದೃಷ್ಟ. ಆಟೋಮ್ಯಾಟಿಕ್‌ನ ವೈರಿ ಬಿಸಿ. ಆಯಿಲ್ 80ರಿಂದ 95 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ನೆಮ್ಮದಿ, 120 ದಾಟಿದರೆ ಅದರ ಆಯಸ್ಸು ಬೇಗ ಬೇಗ ಕರಗುತ್ತದೆ. ಏರಿನಲ್ಲಿ, ಎಂಜಿನ್ ಬಲವನ್ನು ಗೇರ್‌ಬಾಕ್ಸ್‌ಗೆ ಆಯಿಲ್ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದೆ ಜಾರುತ್ತಿರುವಾಗ ಬಿಸಿ ಹುಟ್ಟುವುದು ಹೆಚ್ಚು; ನಿಮ್ಮ ಗಾಡಿ ಈಗ ಮಾಡುತ್ತಿರುವುದೂ ಅದನ್ನೇ. ಪ್ರತ್ಯೇಕ ಆಯಿಲ್ ಕೂಲರ್ ಮತ್ತು ಉಷ್ಣತೆ ತೋರಿಸುವ ಗೇಜ್ ಹಾಕಿಸಿ. ಗೇರ್ ಬದಲಾವಣೆಗೆ ಹಣ ಕೂಡುವವರೆಗೆ ಕಾಯಬೇಕಾದರೂ ಇದನ್ನು ಈಗಲೇ ಮಾಡಿಸಿ. ಟ್ರೇಲರ್ ಕಟ್ಟಿದಾಗ ಓವರ್‌ಡ್ರೈವ್ (ನಾಲ್ಕನೇ ಗೇರ್) ಆಫ್ ಮಾಡಿ, ಏರು ಬರುವ ಮೊದಲೇ ಲಿವರನ್ನು ಎರಡಕ್ಕೆ ಎಳೆದು ಅಲ್ಲೇ ಬಿಡಿ. 3,500 ಆರ್‌ಪಿಎಂ ಸದ್ದಿಗೆ ಹೆದರುವವರು ಬಹಳ. ಆರೋಗ್ಯವಾಗಿರುವ ಪೆಟ್ರೋಲ್ ಎಂಜಿನ್ ಅಲ್ಲಿ ಹಾಯಾಗಿರುತ್ತದೆ. 1,600ರಲ್ಲಿ ಪೂರ್ತಿ ಒತ್ತಿ ಎಳೆಸುವುದೇ ಅದಕ್ಕೆ ಹಿಂಸೆ.

ಟರ್ಬೊ ಅಥವಾ ಸೂಪರ್‌ಚಾರ್ಜರ್? ಬಲ ಖಂಡಿತ ಬರುತ್ತದೆ. ಆದರೆ ಆ ಬಲವನ್ನು ಎಷ್ಟು ಹೊತ್ತು ತೆಗೆಯುತ್ತೀರಿ ಎಂಬುದರ ಮೇಲೆ ಎಂಜಿನ್ ಬದುಕು ನಿಂತಿದೆ. ಬಲ ಅಳೆಯುವ ಯಂತ್ರವಾದ ಡೈನೊ ಮೇಲೆ ಗ್ರಾಫ್ ತೆಗೆಯುವುದು ಹತ್ತು ಹದಿನೈದು ಸೆಕೆಂಡಿನ ಕೆಲಸ. ಟ್ರೇಲರ್ ಎಳೆದುಕೊಂಡು ಘಟ್ಟ ಹತ್ತುವುದು ಇಪ್ಪತ್ತು ನಿಮಿಷದ ಕೆಲಸ. ಅಷ್ಟು ಹೊತ್ತು ಹೆಚ್ಚುವರಿ ಒತ್ತಡದಲ್ಲಿ ಉರಿದ ಬಿಸಿಯನ್ನು, 2,40,000 ಕಿ.ಮೀ. ಓಡಿದ ಪಿಸ್ಟನ್, ಹೆಡ್ ಗ್ಯಾಸ್ಕೆಟ್, ರೇಡಿಯೇಟರ್ ಎಲ್ಲವೂ ತಡೆಯಬೇಕು. ಇಂಜೆಕ್ಟರ್, ಪಂಪ್, ಕಂಪ್ಯೂಟರ್ ಎಲ್ಲವನ್ನೂ ಹೊಂದಿಸಬೇಕು. ಒಂದರಲ್ಲಿ ಎಡವಿದರೂ ಪಿಸ್ಟನ್ ಕರಗುತ್ತದೆ. ಟರ್ಬೊ ಡೀಸೆಲ್ ಇರುವವರಿಗೆ ರೀಮ್ಯಾಪ್‌ನಿಂದ (ಕಂಪ್ಯೂಟರಿನ ನಕ್ಷೆ ತಿದ್ದುವುದರಿಂದ) ಶೇ 15-25 ಸುಲಭವಾಗಿ ಸಿಗುವುದು ನಿಜ. ಅವರೂ ಎಕ್ಸಾಸ್ಟ್ ಉಷ್ಣತೆಯ ಗೇಜ್ ಹಾಕಿಕೊಂಡು, ಏರಿನುದ್ದಕ್ಕೂ ಅದು 700 ಡಿಗ್ರಿಯ ಸುತ್ತ ನಿಂತರೆ ಕಾಲು ಸಡಿಲಿಸಬೇಕು.

ಎಂಜಿನ್ ಬದಲಾವಣೆ ನಿಮ್ಮ ಕಂಪ್ರೆಷನ್ ಪರೀಕ್ಷೆ ಕೆಟ್ಟದಾಗಿ ಬಂದರೆ ಮಾತ್ರ ಚರ್ಚೆಗೆ ಯೋಗ್ಯ. ಆಗಲೂ ಅದೇ ಎಂಜಿನ್ನನ್ನು ಹೊಸದಾಗಿ ಕಟ್ಟಿಸುವುದು ಜಾಣತನ. ಕೆಲವು ಎಂಜಿನ್‌ಗಳಿಗೆ ಸ್ಟ್ರೋಕ್ ಉದ್ದವಿರುವ ಕ್ರ್ಯಾಂಕ್ ಹಾಕಿ ಅರ್ಧ ಲೀಟರ್‌ಗೂ ಹೆಚ್ಚು ಗಾತ್ರ ಬೆಳೆಸಬಹುದು. ಹೇಗೂ ಬಿಚ್ಚಿದ ಮೇಲೆ ಕೆಳಗಿನ ಆರ್‌ಪಿಎಂನಲ್ಲೇ ಟಾರ್ಕ್ ಕೊಡುವ ದಾರಿ ಅದು. ಬೇರೆ ಜಾತಿಯ ಎಂಜಿನ್ ತಂದು ಕೂರಿಸಿದರೆ ವೈರಿಂಗ್, ಮೌಂಟ್, ಗೇರ್‌ಬಾಕ್ಸ್, ನೋಂದಣಿ, ವಿಮೆ ಎಲ್ಲದಕ್ಕೂ ಅಲೆಯಬೇಕು. ಗಾಡಿ ಎತ್ತರಿಸಿದ್ದು, ಟೈರ್ ಬದಲಿಸಿದ್ದು ಕೂಡ ನಿಮ್ಮಲ್ಲಿನ ನಿಯಮಕ್ಕೆ ಒಪ್ಪುತ್ತದೆಯೇ ಎಂದು ನೋಡಿಕೊಂಡಿರಿ. ಅಪಘಾತವಾದ ಮೇಲೆ ವಿಮೆಯವರು ಮೊದಲು ಹುಡುಕುವುದು ಅದನ್ನೇ.

ಕೊನೆಗೆ ಮೈಲೇಜ್. ಸ್ಪೀಡೋಮೀಟರಿನ ಸುಳ್ಳು ಓಡೋಮೀಟರಿನಲ್ಲೂ ಇದೆ. ಅದು 7 ಕಿ.ಮೀ. ಎಂದಾಗ ಗಾಡಿ ಹೋಗಿರುವುದು ಹತ್ತಿರ ಹತ್ತಿರ 8. ಹೀಗಾಗಿ ಇಳಿದಿರುವುದು ಎರಡಲ್ಲ, ಒಂದು. ಆ ಒಂದನ್ನು ಟೈರಿನ ಭಾರ, ಅಗಲ ಮತ್ತು ಎತ್ತರಿಸಿದ ಗಾಡಿ ಕೂಡಿ ತಿಂದಿವೆ, 4.56 ಹಾಕಿಸಿದರೂ ಅದು ವಾಪಸ್ ಬರುವುದಿಲ್ಲ. ಗೇರ್ ಬದಲಿಸಿದಾಗ ಸ್ಪೀಡೋಮೀಟರನ್ನೂ ಹೊಂದಿಸಲು ಹೇಳಿ. ವೇಗದ ಸೆನ್ಸರ್ ಟ್ರಾನ್ಸ್‌ಫರ್ ಕೇಸಿನಲ್ಲಿದ್ದರೆ, ಹೊಂದಿಸದೆ ಬಿಟ್ಟಾಗ ಅದು ಶೇ 7ರಷ್ಟು ಹೆಚ್ಚು ತೋರಿಸುತ್ತದೆ. ಸೆನ್ಸರ್ ಚಕ್ರದಲ್ಲಿದ್ದರೆ ಈಗಿನ ಸುಳ್ಳೇ ಮುಂದುವರಿಯುತ್ತದೆ. ಅಲ್ಲಿಯವರೆಗೆ ಎಂಜಿನ್ ಆಯಿಲನ್ನು 10,000 ಕಿ.ಮೀ.ಗೆ ಬದಲಿಸುವ ರೂಢಿ ನಿಮ್ಮದಾದರೆ, ಓಡೋಮೀಟರಿನಲ್ಲಿ 8,800 ಆದಾಗಲೇ ಬದಲಿಸಿ. ಟ್ರೇಲರ್ ಎಳೆಯುವ ತಿಂಗಳುಗಳಲ್ಲಿ ಇನ್ನೂ ಬೇಗ.